ತಾನೇ ನಡೆಯುವ ತೊಟ್ಟಿ

ಅಂಗಳಕ್ಕೆ ಸಗಣಿ ನೀರಿನ ಥಳಿ ಹೊಡೆಯುತ್ತಿದ್ದೆ. ಅರ್ಧ ಅಂಗಳ ಹಸಿರಾಗಿತ್ತು, ಇನ್ನರ್ಧ ಬಾಕಿಯಿತ್ತು. ಅಷ್ಟರಲ್ಲಿ ಒಂದು ಟ್ರಾಲಿ ಆಟೋ ಹಿಂದೆ ಹಿಂದೆ ಸರಿಯುತ್ತ ಬಂದು, ಈಗಷ್ಟೇ ಥಳಿ ಬಿದ್ದ ಕಡೆಯಲ್ಲೇ ಚಕ್ರ ಊರಿ ನಿಂತಿತು. ಆಟೋದಲ್ಲಿ ಒಂದು ನೀಲಿ ಡ್ರಮ್ಮು, ಒಂದಷ್ಟು ಪೈಪು, ಎರಡು ಚೀಲ ಕಲ್ಲು. ಡ್ರಮ್ಮಿನ ಮೇಲೆ ಆನೆ ಏರಿದವರ ಹಾಗೆ ನನ್ನ ಗಂಡ ಕುಳಿತಿದ್ದರು.

"ಬಕೀಟು ಅಲ್ಲೇ ಇಡು ಮಲ್ಲೀ. ಬಾ ಇತ್ತ, ಒಂದು ಕೈ ಹಿಡಿ."

"ಇದೇನ್ರೀ ಇದು?"

"ಹೊಲ ಅಂತ ತಿಳಕೋ. ಮನಿ ಒಳಗಿನ ಹೊಲ."

ಮನೆ ಹೊರಗಿನ ಹೊಲದ ಮುಖವನ್ನು ಅವರು ನೋಡಿ ವರ್ಷವಾಗಿತ್ತು. ಅದನ್ನು ಹೇಳಲಿಲ್ಲ. ಬೆಳಗಿನ ಹೊತ್ತು, ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಸಗಣಿ ಕೈಯಲ್ಲೇ ಡ್ರಮ್ಮು ಹಿಡಿದು ಇಳಿಸಿದೆ. ಆಟೋ ಹೋದ ಮೇಲೆ ಅಂಗಳದಲ್ಲಿ ಎರಡು ಗಾಲಿಯ ಕಾಲುವೆ ಉಳಿದವು. ರಂಗೋಲಿ ಆ ದಿನ ಬೀಳಲೇ ಇಲ್ಲ.

ನಾರಾಯಣಪೇಟ ಬೇರೆ ಜಿಲ್ಲೆಯಾದ ವರ್ಷದ ಮಾತು. ನಮ್ಮದು ಅದೇ ಜಿಲ್ಲೆಯ ಮಕ್ತಲ್, ತೆಲಂಗಾಣದ ಗಡಿ. ನನ್ನ ಗಂಡ, ಮಗಳು ಅಖಿಲಾಳ ಅಪ್ಪ, ಪುಣೆಯಲ್ಲಿ ಸ್ಲ್ಯಾಬು ಹಾಕಿಸುವ ಮೇಸ್ತ್ರಿ. ದಸರೆಗೆ ಬಂದಿದ್ದರು. ಹಬ್ಬ ಮುಗಿದರೆ ಮತ್ತೆ ಹೊರಡುತ್ತಾರೆ, ಮುಂದೆ ಯುಗಾದಿಗೋ ಅದರಾಚೆಗೋ ಮುಖ ತೋರಿಸುತ್ತಾರೆ. ಉಣ್ಣಲು ಇಲ್ಲ ಎಂದು ಹೋಗುವವರಲ್ಲ ಅವರು. ಹೊಲ ಇದೆ, ನನ್ನ ಹೊಲಿಗೆ ಮಿಷನ್ನು ಇದೆ, ಮನೆ ನಡೆಯುತ್ತದೆ. ಆದರೆ ಅಲ್ಲಿ ಗಾರೆ ಕಲಸುವವರೆಲ್ಲ ಅವರನ್ನು 'ತಿರುಪತಿ ಸೇಠ್' ಅನ್ನುತ್ತಾರಂತೆ. ಇಲ್ಲಿ ಹಾಗೆ ಅನ್ನುವವರು ಯಾರು? ನಾನು 'ಏನ್ರೀ' ಅನ್ನುತ್ತೇನೆ, ಅವರ ಅವ್ವ 'ಲೇ' ಅನ್ನುತ್ತಾರೆ.

ಅವರು ಯಾವಾಗ ಹೊರಡುತ್ತಾರೆ ಎಂಬುದು ನಮಗೆ ಮುಂಚೆ ಗೊತ್ತಾಗುವುದಿಲ್ಲ. ಕೇಳಬಾರದು. ನಮ್ಮದು ಕುರಿ ಕಾದ ಮನೆತನ. ಮಾವನವರು ಇರುವವರೆಗೂ ಬೇಸಿಗೆ ಬಂದರೆ ಮಂದೆ ಹೊಡೆದುಕೊಂಡು ಕೃಷ್ಣಾ ದಾಟಿ ಹೋಗುತ್ತಿದ್ದರು. ಹೊರಡುವ ಕುರುಬನನ್ನು ಯಾವಾಗ ಹೋಗುತ್ತಿ, ಎಂದು ಬರುತ್ತಿ ಎಂದು ಕೇಳಿದರೆ ದಾರಿಯಲ್ಲಿ ತೋಳ ಕಾದಿರುತ್ತದೆ ಎಂದು ಅತ್ತೆ ಪೆಂಟಮ್ಮನವರ ನಂಬಿಕೆ. ಕುರಿ ಮಾರಿ ಎಷ್ಟೋ ಕಾಲವಾಯಿತು. ತೋಳವನ್ನು ಮಾತ್ರ ಸಾಕಿಕೊಂಡಿದ್ದೇವೆ.

ಐದನೇ ಇಯತ್ತೆಯ ಅಖಿಲಾ ಈ ತೋಳಕ್ಕೆ ತುಂಬ ಹೆದರುತ್ತಿದ್ದಳು. ಅಪ್ಪ ಬಂದ ದಿನದಿಂದಲೇ ಅವಳ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆ ಕುಳಿತಿರುತ್ತಿತ್ತು. ತಲೆ ಬಾಚುವಾಗ "ಯವ್ವಾ, ಅಪ್ಪ ಯಾವಾಗ—" ಎಂದು ಶುರುಮಾಡಿ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ "ಅಪ್ಪ ಯಾವಾಗ ಉಣ್ತಾನ?" ಎಂದು ಅದನ್ನೇ ತಿರುಗಿಸಿ ಕೇಳುತ್ತಿದ್ದಳು.

ಡ್ರಮ್ಮು ಪಡಸಾಲೆಗೆ ಬಂತು. ಕಿಟಕಿಯ ಪಕ್ಕ, ಮನೆದೇವರು ಬೀರಪ್ಪನ ಜಗಲಿಯ ಎದುರಿಗೆ. ಅಲ್ಲಿಯೇ ಬೆಳಕು ಚೆನ್ನಾಗಿ ಬೀಳುತ್ತದಂತೆ. ಗದ್ವಾಲದ ಗೆಳೆಯ ನರೇಂದರ್ ಫೋನಿನಲ್ಲಿ ಹೇಳುತ್ತಿದ್ದ, ಇವರು ಮಾಡುತ್ತಿದ್ದರು. ನರೇಂದರ್ ಹಿಂದೆ ಬೋರ್‌ವೆಲ್ ಮೋಟರಿನ ಏಜೆಂಟ್, ಅದಕ್ಕೂ ಹಿಂದೆ ಎಮು ಕೋಳಿಯ ಏಜೆಂಟ್. ಈಗ ಮನೆಯೊಳಗೆ ಮೀನು, ಮೀನಿನ ಮೇಲೆ ಸೊಪ್ಪು. ಇದಕ್ಕೆ ಅಕ್ವಾಪೋನಿಕ್ಸ್ ಅನ್ನುತ್ತಾರಂತೆ. ಅತ್ತೆ ಒಂದು ಸಲ ಆ ಹೆಸರು ಹೇಳಲು ನೋಡಿ, ಎಲೆಅಡಿಕೆ ಬಾಯಿಂದ ಜಾರೀತೆಂದು ಕೈಬಿಟ್ಟು, ಡ್ರಮ್ಮಿನ ಹೊಲ ಎಂದೇ ಕರೆದರು.

ಡ್ರಮ್ಮನ್ನು ಉದ್ದಕ್ಕೆ ಸೀಳಿ ಎರಡು ತೊಟ್ಟಿ ಮಾಡಿದರು. ಒಂದು ಕೆಳಗೆ, ಅದರಲ್ಲಿ ನೀರು, ಮೀನು. ಇನ್ನೊಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಅದರ ತುಂಬ ಮಾಗನೂರಿನ ಕಡೆ ಹೊಳೆಯಿಂದ ತಂದ ದುಂಡು ಕಲ್ಲು. ಕಲ್ಲಿನ ಸಂದಿಯಲ್ಲಿ ಮೆಂತ್ಯ, ಪಾಲಕ, ಪುಂಡಿ ಸಸಿ. ಕೆಳಗೊಂದು ಅಂಗೈಯಗಲದ ಪಂಪು. ಮೀನು ಹೊಲಸು ಮಾಡಿದ ನೀರನ್ನು ಪಂಪು ಮೇಲೆ ಎತ್ತುತ್ತದೆ. ಆ ಹೊಲಸು ಸಸಿಗೆ ಗೊಬ್ಬರ. ಸಸಿ ಅದನ್ನು ತಿಂದು ತಿಳಿನೀರನ್ನು ಕೆಳಗೆ ಬಿಡುತ್ತದೆ. ಮೀನು ಮತ್ತೆ ಹೊಲಸು ಮಾಡುತ್ತವೆ.

"ಹೆಂಗೈತಿ?" ಎಂದರು, ತಾವೇ ಹೇತು ಗೊಬ್ಬರ ಮಾಡಿದವರ ಹಾಗೆ ಎದೆ ಉಬ್ಬಿಸಿ.

"ಚಲೋ ಐತ್ರಿ. ನಮ್ಮ ಮನಿನೂ ಹಿಂಗs ನಡೀತೈತಿ. ಒಬ್ರು ಹೊಲಸು ಮಾಡ್ತಾರ, ಇನ್ನೊಬ್ರು ತೊಳೀತಾರ."

"ನಿನಗೆಲ್ಲ ಚಾಷ್ಟಿ. ಇದರಾಗ ತೊಳಿಯೋದಿಲ್ಲ, ಬಳಿಯೋದಿಲ್ಲ, ನೀರು ಹಾಯಿಸೋದಿಲ್ಲ. ತೆಲಂಗಾಣ ಬಂದ ಮ್ಯಾಲ ಕರೆಂಟೂ ಹೋಗೋದಿಲ್ಲ. ಯಾರೂ ಬ್ಯಾಡ. ತಾನs ನಡೀತೈತಿ."

ಅತ್ತೆ ಜಗಲಿಯ ಮುಂದೆ ಕುಳಿತು ಬತ್ತಿ ಹೊಸೆಯುತ್ತಿದ್ದರು. "ಕುರುಬರ ಮನ್ಯಾಗ ಮೀನ ಕಾಯೋದು! ಲೇ ತಿರುಪತಿ, ಕುರಿ ಕರದ್ರ ಬರ್ತಾವ. ನಿನ್ನ ಮೀನ ಕರದ್ರ ಬರ್ತಾವೇನೋ?"

"ಬರಬೇಕ್ಯಾಕ ಬೇ? ಎಲ್ಲಿ ಹೊಕ್ಕಾವ? ಮೇಸಾಕ ಹೋಗೋದಿಲ್ಲ, ತಪ್ಪಿಸ್ಕೋಳೋದಿಲ್ಲ. ಅಡ್ಡಾಡೋ ಧಂದಾ ಮುಗೀತು ಅಂತ ತಿಳಕೋ."

ಇದನ್ನು ಕೇಳಿದ ಅಖಿಲಾಳ ಮುಖ ಕಂದೀಲಿನ ಬತ್ತಿ ಏರಿಸಿದಂತಾಯಿತು. ಅಡ್ಡಾಡುವ ಧಂದೆ ಮುಗಿಯಿತು ಅಂದರೆ ಅಪ್ಪ ಇಲ್ಲೇ ಇರುತ್ತಾನೆ ಎಂದು ಅವಳು ಅರ್ಥ ಮಾಡಿಕೊಂಡಳು. ಓಡಿಹೋಗಿ ಅಪ್ಪನಿಗೆ ಪೈಪು ಕೊಟ್ಟಳು, ಟೇಪು ಕತ್ತರಿಸಿದಳು, ಕೇಳದಿದ್ದರೂ ನೀರು ತಂದಳು.

ಅವಳ ಕೈಗೆ ಎರಡು ಕಲ್ಲು ಕೊಟ್ಟು ಅವರು ಮಾತು ಮುಗಿಸಿದರು: "ಇದೊಂದು ನಡಿಯಾಕ ಹತ್ತಲಿ. ನನಗ ಚಿಂತಿ ಇಲ್ಲ. ಆರಾಮ ಪುಣೆಕ್ಕ ಹೊಕ್ಕೀನಿ. ಮನಿಗೆ ತಾಜಾ ಸೊಪ್ಪು, ತಾಜಾ ಮೀನು. ನಾ ಇದ್ದಂಗs."

ನಾ ಇದ್ದಂಗೆ! ಅರ್ಧ ಡ್ರಮ್ಮು ಮೀನಿನ ಹೊಲಸನ್ನು ಪಡಸಾಲೆಯಲ್ಲಿಟ್ಟು, ಇದನ್ನೇ ನಾನು ಎಂದು ತಿಳಿಯಿರಿ ಎಂದ ಗಂಡಸನ್ನು ನಾನು ಮೊದಲ ಸಲ ನೋಡಿದ್ದು. ಅಖಿಲಾ ಕೈಯಲ್ಲಿದ್ದ ಕಲ್ಲನ್ನು ತೊಟ್ಟಿಗೆ ಹಾಕಲಿಲ್ಲ. ನೆಲದ ಮೇಲಿಟ್ಟು ಎದ್ದು ಹೋದಳು.

ನರೇಂದರ್ ಮೀನು ಕಳಿಸಿದ. ಜಿಲೇಬಿ ಮೀನಿನ ಮರಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ. ಫೋನಿನಲ್ಲಿ ಬಾರಿ ಬಾರಿ ಹೇಳಿದ್ದ, ನೀರಿಗೆ ಏನೂ ಹಾಕಬೇಡ, ನಲ್ಲಿಯ ನೀರನ್ನು ಒಂದು ದಿನ ಬಿಟ್ಟು ಬಳಸು ಎಂದು. ಇವರು ತಲೆಯಾಡಿಸಿದರು. ಮೀನು ಬಿಟ್ಟರು, ಸ್ವಿಚ್ಚಿನ ಮೇಲೆ ಬೆರಳಿಟ್ಟರು. ಆಮೇಲೆ ಏನು ನೆನಪಾಯಿತೋ, ಜಗಲಿಯಿಂದ ಭಂಡಾರದ ಚೀಲ ತೆಗೆದು ಒಂದು ಹಿಡಿ ಅರಿಶಿನವನ್ನು "ಏಳುಕೋಟಿ ಏಳುಕೋಟಿಗೋ!" ಎಂದು ಕೂಗಿ ತೊಟ್ಟಿಯ ಮೇಲೆ ತೂರಿದರು. ಬೀರಪ್ಪನಿಗೂ ಮೈಲಾರನಿಗೂ ಹೇಳದೆ ನಮ್ಮ ಮನೆಯಲ್ಲಿ ಮಿಕ್ಸರೂ ತಿರುಗುವುದಿಲ್ಲ.

ನೀರು ಸಾರಿನ ಬಣ್ಣಕ್ಕೆ ತಿರುಗಿತು. ಮೀನಿನ ಮರಿಗಳು ಮೂಲೆಗೆ ಓಡಿದವು. ಪಕ್ಕದ ಮನೆಯ ಬುಚ್ಚಮ್ಮ ಹಣಿಕಿ ನೋಡಿ, "ಮಲ್ಲೇಶ್ವರೀ, ಅರಿಶಿನ ಬಿತ್ತಲ್ಲ, ಇನ್ನ ಉಪ್ಪು ಖಾರ ಹಾಕಿಬಿಡು. ಒಲಿ ಹಚ್ಚೋದೊಂದs ಉಳದೈತಿ" ಎಂದಳು. ಓಣಿಯೆಲ್ಲ ನಕ್ಕಿತು. ನಾನೂ ಸೆರಗಿನೊಳಗೆ ನಕ್ಕೆ. ಆ ನೀರನ್ನೆಲ್ಲ ಬಕೀಟಿನಿಂದ ಎತ್ತಿ ಹೊರಗೆ ಹಾಕಿದ್ದು ಮಾತ್ರ ನಾನೇ. ತಾನೇ ನಡೆಯುವ ತೊಟ್ಟಿ ಮೊದಲ ದಿನ ನನ್ನ ಸೊಂಟದ ಮೇಲೆ ನಡೆಯಿತು.

ಇದನ್ನು ಹೇಳುತ್ತಿದ್ದಾಗಲೇ ಬೇಳೆ ತಳ ಹಿಡಿದ ವಾಸನೆ ಬಂದು ಎದ್ದು ಹೋಗಿದ್ದೆ. ಎಲ್ಲಿಗೆ ಬಿಟ್ಟಿದ್ದೆ? ಹಾಂ, ನೀರು ಎತ್ತಿ ಹಾಕಿದ್ದು. ಆಮೇಲೆ ಶನಿವಾರ ಬಂತು.

ರವಿವಾರ ಮೈಲಾರನ ವಾರ. ಹಾಗಾಗಿ ಶನಿವಾರ ಬೆಳಿಗ್ಗೆ ಅತ್ತೆ ಪಡಸಾಲೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನೆಲ ಸಾರಿಸುತ್ತಾರೆ, ದೀಪದ ಕಂಬ ಸಮೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಜಗಲಿಯ ಎದುರಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆಯುತ್ತಾರೆ. ದೇವರ ಎದುರಿಗೆ ಜಿಗುಟು ಇರಬಾರದು. ಸೊಸೆ ಮಾಡಿದರೂ ಅವರಿಗೆ ಸಮಾಧಾನವಿಲ್ಲ, ಅದು ಅವರ ಕೈಯಿಂದಲೇ ಆಗಬೇಕು. ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ, ಒಂದು ಶನಿವಾರ ತಪ್ಪಿಲ್ಲ.

ಅಖಿಲಾಳ ಅಪ್ಪನಿಗೂ ಶನಿವಾರ ಬೆಳಿಗ್ಗೆ ಒಂದು ವ್ರತವಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ, ಸಂತೆಗೆ ಬಂದವರನ್ನು ಹಿಡಿದು ಕೂರಿಸಿ, ಫೋನಿನಲ್ಲಿ ತಮ್ಮ ತೊಟ್ಟಿಯ ವಿಡಿಯೋ ತೋರಿಸುವುದು. ಹೀಗಾಗಿ ಮನೆಯಲ್ಲಿ ಏನಾಗುತ್ತಿದೆ ಎಂದು ಅವರು ನೋಡಲಿಲ್ಲ. ಅತ್ತೆ ಮೇಲಿನ ತೊಟ್ಟಿಯ ಕಲ್ಲುಗಳನ್ನು ಬುಟ್ಟಿಗೆ ತೆಗೆದು, ಸಸಿಗಳನ್ನು ಒಂದು ತಟ್ಟೆಯಲ್ಲಿ ಜೋಪಾನವಾಗಿ ಎತ್ತಿಟ್ಟು, ಹಿತ್ತಲಲ್ಲಿ ಕುಳಿತು ಬೂದಿ ಹಾಕಿ ಒಂದೊಂದೇ ಕಲ್ಲನ್ನು ತಿಕ್ಕಿ, ಮತ್ತೆ ತುಂಬಿ, ಸಸಿ ನೆಟ್ಟು, ಮೇಲೊಂದು ಚಿಟಿಕೆ ಭಂಡಾರ ಉದುರಿಸಿ ಬಂದು ಕುಳಿತರು. ಅಖಿಲಾಳ ಅಪ್ಪ ಮನೆಗೆ ಬರುವಷ್ಟರಲ್ಲಿ ಕಲ್ಲು ಮುತ್ತಿನ ಹಾಗೆ ಹೊಳೆಯುತ್ತಿದ್ದವು.

"ನೋಡಿದಿ? ಕಲ್ಲು ಹೆಂಗ ಮಿಂಚತಾವ! ಸಿಸ್ಟಮ್ ಕೆಲಸಾ ಮಾಡಾಕ ಹತ್ತೇತಿ" ಎಂದರು ನನಗೆ.

"ಹೌದ್ರಿ, ಮಾಡಾಕ ಹತ್ತೇತಿ" ಎಂದೆ. ಸಿಸ್ಟಮ್ಮು ಮೂಲೆಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿತ್ತು.

ಎರಡು ದಿನಕ್ಕೆ ನೀರು ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಕೆಲವು ಸತ್ತವು. ಅವರು ನರೇಂದರ್‌ಗೆ ಫೋನು ಮಾಡಿ ಕೂಗಾಡಿದರು, ನೀರು ಬದಲಿಸಿದರು, ಹೊಸ ಮರಿ ತರಿಸಿದರು. ಪುಣೆಯಿಂದ ಬಂದ ಫೋನಿಗೆ "ಇಲ್ಲಿ ಒಂದು ಜರೂರು ಕೆಲಸ ಐತಿ, ಈ ವಾರ ಆಗಂಗಿಲ್ಲ" ಎಂದು ಹೇಳಿದ್ದು ನನಗೂ ಕೇಳಿಸಿತು, ಬಾಗಿಲ ಮರೆಯಲ್ಲಿ ನಿಂತಿದ್ದ ಅಖಿಲಾಳಿಗೂ ಕೇಳಿಸಿತು.

ಮರು ಶನಿವಾರ ಅತ್ತೆ ಮತ್ತೆ ಕಲ್ಲು ತಿಕ್ಕಿದರು. ಮತ್ತೆ ನೀರು ಕೆಟ್ಟಿತು. ಮತ್ತೆ ಪುಣೆ ಮುಂದಕ್ಕೆ ಹೋಯಿತು.

ಕೊನೆಗೆ ನರೇಂದರ್ ಗದ್ವಾಲದಿಂದ ತಾನೇ ಬಂದ. ಕೊರಳಲ್ಲಿ ಕರಿ ಕನ್ನಡಕ ತೂಗಿಸಿಕೊಂಡು ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೀರಿಗೆ ಬೆರಳದ್ದಿ ಮೂಸಿದ. ನಾಡಿ ಹಿಡಿಯುವುದೊಂದು ಬಾಕಿ.

"ಮೀನಿನ ಊಟ ಜಾಸ್ತಿ ಆಗೇತಿ ವದಿನಾ. ನೀವು ಹಾಕಿರಬೇಕು," ಎಂದ ನನಗೆ. ತೆಲುಗಿನಲ್ಲಿ ಅತ್ತಿಗೆ ಎಂದು ಮರ್ಯಾದೆಯಿಂದ ಕರೆದೇ ತಪ್ಪು ನನ್ನ ತಲೆಗೆ ಕಟ್ಟಿದ.

"ನಾ ಹಾಕಿಲ್ರಿ. ತಾನs ನಡೀತೈತಿ, ಯಾರೂ ಬ್ಯಾಡ ಅಂದಾರ ನಿಮ್ಮ ಗೆಳ್ಯಾ. ಅದಕ್ಕ ನಾ ಹತ್ರಾನೂ ಹೋಗಂಗಿಲ್ಲ."

"ಹಂಗಲ್ಲ ವದಿನಾ, ಇದು ಸೈನ್ಸ್."

"ಎಮು ಕೋಳಿನೂ ಸೈನ್ಸ್ ಇತ್ತಲ್ರಿ?"

ಅವನು ಕನ್ನಡಕ ಒರೆಸಿಕೊಂಡ. ಊಟಕ್ಕೆ ಕೂತಾಗ, ಕೋಳಿ ಸಾರಿನ ಎರಡನೇ ಬಟ್ಟಲು ಮುಗಿಸುತ್ತ, ಒಂದು ನಿಜದ ಮಾತು ಹೇಳಿದ. ಕಲ್ಲಿನ ಮೇಲೆ ದಿನ ಕಳೆದಂತೆ ಒಂದು ಕಂದು ಜಿಗುಟು ಕೂರುತ್ತದೆ. ಅದು ಹೊಲಸಲ್ಲ, ಕಣ್ಣಿಗೆ ಕಾಣದ ಜೀವಗಳು. ಮೀನಿನ ಹೊಲಸನ್ನು ಸಸಿಗೆ ಉಣ್ಣುವ ಹಾಗೆ ಮಾಡಿಕೊಡುವವು ಅವೇ. ಅವು ಬೆಳೆಯಲು ವಾರಗಟ್ಟಲೆ ಬೇಕು. ಜಿಗುಟು ಕೂತಿತೆಂದರೆ ಮೀನು ಸಾಯುವುದಿಲ್ಲ. ಜಿಗುಟಿಲ್ಲದಿದ್ದರೆ ನೀರೇ ವಿಷ.

ಅಖಿಲಾಳ ಅಪ್ಪ ಎದ್ದು ಹೋಗಿ ಕಲ್ಲು ನೋಡಿ ಬಂದರು. "ಇನ್ನಾ ಕುಂತಿಲ್ಲ. ಫಳಫಳ ಅಂತಾವ."

"ಕೂಡ್ತೈತಿ. ನೀ ಸಬೂರಿ ಹಿಡಿ."

ಅತ್ತೆ ಹಿತ್ತಲಲ್ಲಿದ್ದರು, ಅವರ ಕಿವಿಗೆ ಇದು ಬೀಳಲಿಲ್ಲ. ನನ್ನ ಕಿವಿಗೆ ಬಿತ್ತು. ಇನ್ನೂ ಒಬ್ಬಳ ಕಿವಿಗೆ ಬಿತ್ತು. ನರೇಂದರ್‌ಗೆ ನೀರು ಕೊಡಲು ಬಂದಿದ್ದ ಅಖಿಲಾ ಚೆಂಬು ಹಿಡಿದು ಹಾಗೇ ನಿಂತಿದ್ದಳು. ಲೆಕ್ಕ ಬಿಡಿಸುವಾಗ ನಿಲ್ಲುವ ಹಾಗೆ, ತುಟಿ ಕಚ್ಚಿಕೊಂಡು.

ಆ ಶನಿವಾರ ಅವಳು ನಾನು ಎಬ್ಬಿಸುವ ಮುಂಚೆಯೇ ಎದ್ದಳು. ಅಪ್ಪ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ್ದೇ ತಡ, ಅಜ್ಜಿಯ ಹಾಸಿಗೆಯ ಹತ್ತಿರ ಹೋಗಿ ಕುಳಿತಳು.

"ಅಜ್ಜೀ, ಇವತ್ತು ಶನಿವಾರ."

"ಗೊತ್ತೈತಿ ಬಿಡs ತಾಯಿ. ಸೊಂಟ ಹಿಡದೈತಿ. ಈ ವಾರ ಕಲ್ಲು ಇರ್ಲಿ ಅಂತೀನಿ."

"ಕಲ್ಲು ಜಿಗಟ್ ಆಗ್ಯಾವ ಅಜ್ಜೀ. ಬೀರಪ್ಪನ ಮುಂದ ಹಂಗ ಇರಬಾರದಲ್ಲ? ನಾ ಬೂದಿ ತರ್ತೀನಿ. ನಾ ನೀರು ಹಾಕ್ತೀನಿ. ನೀ ಸುಮ್ಮ ಕುಂತು ಹೇಳು."

ಅತ್ತೆಯ ಕಣ್ಣಿನಲ್ಲಿ ನೀರು ಬಂತು. "ನೋಡs ಮಲ್ಲವ್ವಾ, ನಿನ್ನ ಮಗಳಿಗೆ ದೇವ್ರಂದ್ರ ಎಷ್ಟು ಭಕ್ತಿ! ಈ ವಯಸ್ಸಿನ್ಯಾಗ! ನಿನಗಂತೂ ಇಲ್ಲ."

ನಾನು ರೊಟ್ಟಿ ಬಡಿಯುತ್ತ ನೋಡಿದೆ. ಹಿತ್ತಲಲ್ಲಿ ಭಕ್ತೆ ಲಂಗವನ್ನು ಮೊಳಕಾಲಿಗೆ ಸಿಕ್ಕಿಸಿಕೊಂಡು ಕಲ್ಲು ತಿಕ್ಕುತ್ತಿದ್ದಳು. ಒಂದು ಕಲ್ಲನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, "ಇದರಾಗ ಇನ್ನಾ ಐತಿ ಅಜ್ಜೀ" ಎಂದು ಮತ್ತೆ ಬೂದಿ ಹಾಕಿದಳು. ಅವಳಿಗೆ ಮೀನೆಂದರೆ ಪ್ರಾಣ. ಸತ್ತ ಮರಿಗಳನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿ, ಮೇಲೊಂದು ದಾಸವಾಳ ಇಟ್ಟು ಬಂದವಳು ಅವಳೇ. ಆದರೂ ತಿಕ್ಕುತ್ತಿದ್ದಳು, ಅಳುತ್ತ ತಿಕ್ಕುತ್ತಿದ್ದಳು. ಬೂದಿ ಕಣ್ಣಿಗೆ ಬಿತ್ತು ಎಂದು ಅಜ್ಜಿಗೆ ಹೇಳಿದಳು.

ಕರೆದು ಕೇಳಬಹುದಿತ್ತು. ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು. ಮಕ್ಕಳ ಕೈಯಲ್ಲಿ ಸುಳ್ಳು ಹೇಳಿಸುವುದಕ್ಕಿಂತ ಒಂದು ರೊಟ್ಟಿ ಹೆಚ್ಚು ಬಡಿಯುವುದು ಲೇಸು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಹಿಂಡಿ ಇಟ್ಟು, ಹಿತ್ತಲಿಗೇ ತಂದು ಅವಳ ಬಾಯಿಗೆ ತುತ್ತು ಹಾಕಿದೆ. ಕೈಯೆಲ್ಲ ಬೂದಿ ಅವಳದು. ನನ್ನ ಮುಖ ನೋಡದೆ ನುಂಗಿದಳು.

ದೀಪಾವಳಿ ಬಂತು, ಹೋಯಿತು. ಮೀನು ಸತ್ತವು, ಮೀನು ಬಂದವು. ಪುಣೆಯ ಜನರ ಫೋನಿಗೆ ಅವರು ಈಗ ಹೊರಗೆ ಹೋಗಿ ಮಾತಾಡುತ್ತಿದ್ದರು. ಸೇಠ್ ಇಲ್ಲದೆ ಅಲ್ಲಿ ಸ್ಲ್ಯಾಬು ಬೀಳುತ್ತಲೇ ಇದ್ದವು ಎಂದು ತೋರುತ್ತದೆ, ಒಳಗೆ ಬಂದಾಗ ಮುಖ ಬಾಡಿರುತ್ತಿತ್ತು. ಆದರೆ ಆ ದಿನಗಳಲ್ಲಿ ಅಖಿಲಾ ಅಪ್ಪನ ಜೊತೆ ಶಾಲೆಗೆ ಹೋದಳು, ಅಪ್ಪನ ಜೊತೆ ಸೈಕಲ್ ಕಲಿತಳು, ಅಪ್ಪನ ತಟ್ಟೆಯಲ್ಲೇ ಉಂಡಳು. ಸಂಜೆ ಇಬ್ಬರೂ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೀರು ನೋಡುತ್ತಿದ್ದರು. ಅವಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಳು. ಮೀನು ನಿದ್ದೆ ಮಾಡ್ತಾವೇನು? ಮೀನಿಗೆ ನೀರಡಿಕಿ ಆಗ್ತದೇನು? ಅವಕ್ಕ ಅವ್ವ ಅಪ್ಪ ಗುರುತು ಸಿಗ್ತಾರೇನು? ಅವರು ನರೇಂದರನ ವಿಡಿಯೋದಿಂದ ಗೊತ್ತಿದ್ದಷ್ಟಕ್ಕೆ ಉತ್ತರ ಕೊಟ್ಟು, ಗೊತ್ತಿಲ್ಲದ್ದಕ್ಕೆ ಇನ್ನೂ ದೊಡ್ಡ ಉತ್ತರ ಕೊಡುತ್ತಿದ್ದರು. ಕೇಳಬೇಕಾದ ಒಂದನ್ನು ಬಿಟ್ಟು ಅವಳು ಎಲ್ಲವನ್ನೂ ಕೇಳಿದಳು. ಒಮ್ಮೊಮ್ಮೆ ಬಾಯಿ ತೆರೆದು, ಬಾಗಿಲ ಕಡೆ ನೋಡಿ, ತೋಳ ಕಂಡವಳ ಹಾಗೆ ಸುಮ್ಮನಾಗುತ್ತಿದ್ದಳು.

ಒಂದು ಶನಿವಾರ ಚಹಾದಂಗಡಿಯವನು ತೊಟ್ಟಿಯ ಪುರಾಣ ಸಾಕೆಂದು ಟೀವಿಯ ದನಿ ಏರಿಸಿದನಂತೆ. ಅವಮಾನವಾಗಿ ಇವರು ಬೇಗ ಮನೆಗೆ ಬಂದುಬಿಟ್ಟರು. ಹಿತ್ತಲಲ್ಲಿ ಅವ್ವ, ಬುಟ್ಟಿ, ಬೂದಿ, ಅರ್ಧ ತೊಳೆದ ಕಲ್ಲು. ಅಖಿಲಾ ನೀರಿಗೆ ಹೋಗಿದ್ದಳು.

"ಅವ್ವಾ! ಏನ ಮಾಡಾಕ ಹತ್ತಿ?"

"ಕಾಣಂಗಿಲ್ಲೇನು? ಕಲ್ಲು ತೊಳಿಯಾಕ ಹತ್ತೀನಿ."

"ಯಾರು ಹೇಳ್ಯಾರ ತೊಳಿಯಾಕ?"

"ಯಾರು ಹೇಳಬೇಕಲೇ? ದೇವರ ಪಡಸಾಲ್ಯಾಗ ಇಟ್ಟಿ. ತೊಳೀಬೇಕು."

"ದಿನಾ ತೊಳೀತೀಯೇನು?"

"ದಿನಾ ಯಾಕ? ಶನಿವಾರಕ್ಕೊಮ್ಮಿ. ನಿಮ್ಮಪ್ಪನ ಕಂಬಳಿ ಕೊಡವಿದಂಗ."

ಅವರು ತಲೆ ಹಿಡಿದುಕೊಂಡು ನೆಲದ ಮೇಲೆ ಕುಸಿದರು. ಆಮೇಲೆ ಎದ್ದು ನಿಂತು ಕೂಗಾಡಿದರು. ಜಿಗುಟೇ ಅದರ ಜೀವ, ನೀನು ಜೀವವನ್ನೇ ಬೂದಿ ಹಾಕಿ ತಿಕ್ಕಿದೆ, ಮೀನಿನ ಪಾಪವೆಲ್ಲ ನಿನ್ನ ಮೇಲೆ ಎಂದೆಲ್ಲ. ಅತ್ತೆ ಕೈ ತೊಳೆದುಕೊಂಡು ಸಾವಕಾಶ ಸೆರಗಿಗೆ ಒರೆಸಿಕೊಂಡರು.

"ಜಿಗುಟು ಜೀವ ಏನು? ಹಂಗಾದ್ರ ನಿನ್ನ ಅಂಗಿ ಕೊರಳ ಪಟ್ಟಿ ತಿಕ್ಕಿ ತಿಕ್ಕಿ ನಿನ್ನ ಹೆಂಡ್ತಿ ಇಷ್ಟು ವರ್ಷ ನಿನ್ನ ಜೀವಾನs ತಗದಾಳ ಬಿಡು."

ನಾನು ಒಳಗೆ ಹೋಗಿ ನಗು ಮುಗಿಸಿ ಬಂದೆ.

"ಹಂಗಾದ್ರ ಬೀರಪ್ಪನ ಜಗಲಿ ಒಳಕೋಣ್ಯಾಗ ಇಡೋಣ," ಎಂದರು ಅವರು.

ಅತ್ತೆಯ ದನಿ ತಣ್ಣಗಾಯಿತು. "ಬೀರಪ್ಪ ಎಲ್ಲೂ ಹೋಗಂಗಿಲ್ಲ. ಈ ಮನ್ಯಾಗ ಹೋಗಾವ್ರು ಗಂಡಸ್ರು. ನಿಮ್ಮಪ್ಪ ಹೋದ, ನೀ ಹೊಕ್ಕಿ. ದೇವ್ರಾದ್ರೂ ಇರ್ಲಿ."

ಕೊನೆಗೆ ಮಾವನವರ ಹಳೆಯ ಕಂಬಳಿಯನ್ನು ಜಗಲಿಗೂ ತೊಟ್ಟಿಗೂ ನಡುವೆ ಹಗ್ಗ ಕಟ್ಟಿ ತೂಗುಹಾಕಿದೆವು. ಕಣ್ಣಿಗೆ ಕಾಣದ ಜಿಗುಟು ದೇವರಿಗೆ ಮೈಲಿಗೆಯಲ್ಲ ಎಂದು ತೀರ್ಮಾನವಾಯಿತು. ಕಲ್ಲು ಮುಟ್ಟಬಾರದೆಂದು ಅವರು ಅವ್ವನಿಂದ ಭಂಡಾರ ಮುಟ್ಟಿಸಿ ಆಣೆ ತೆಗೆದುಕೊಂಡರು. ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಖಿಲಾಳ ಕಡೆ ಅವರು ನೋಡಲಿಲ್ಲ. ಕೊಡದ ನೀರು ತುಳುಕಿ ಅವಳ ಕಾಲು ತೊಯ್ಯುತ್ತಿತ್ತು.

ಅಲ್ಲಿಂದ ತೊಟ್ಟಿ ನಿಜಕ್ಕೂ ತಾನೇ ನಡೆಯಿತು. ಸುಳ್ಳು ಹೇಳುವುದಿಲ್ಲ. ಕಲ್ಲಿನ ಮೇಲೆ ಕಂದು ಪೊರೆ ಕೂತಿತು. ನೀರು ತಿಳಿಯಾಯಿತು. ಮೀನು ಅಂಗೈಯಷ್ಟಾದವು. ಅಖಿಲಾ ತೊಟ್ಟಿಯ ಅಂಚನ್ನು ಬೆರಳಿನಿಂದ ಬಡಿದರೆ ಹತ್ತಿರ ಬರುತ್ತಿದ್ದವು. "ಕರದ್ರ ಬರ್ತಾವಲ್ಲೋ!" ಎಂದು ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಪುಂಡಿ ಎಲೆ ಬಿಟ್ಟಿತು. ಕೊಯ್ದು ಚಟ್ನಿ ಮಾಡಿದೆ. ಹುಳಿ ಸ್ವಲ್ಪ ಕಡಿಮೆ, ಹೊಲದ ಪುಂಡಿಯ ಸಮಕ್ಕೆ ನಿಲ್ಲುವುದಿಲ್ಲ. ಆದರೆ ಪುಂಡಿಯೇ.

ಅವರು ಓಣಿಯವರನ್ನೆಲ್ಲ ಕರೆದು ಉಣಿಸಿದರು. ಬುಚ್ಚಮ್ಮ ಬೆರಳು ನೆಕ್ಕುತ್ತ, "ಯಾರೂ ಬ್ಯಾಡಂತ, ತಾನs ಬೆಳೀತಂತ. ನಮ್ಮ ಮನಿಯಾಂವ ಎರಡು ಎಕರೆಕ್ಕ ಹದಿನಾರು ಸಲ ಹೋಗಿ ಬರ್ತಾನ. ತಿರುಪತಿ ಬುದ್ಧಿವಂತ ಬಿಡು" ಎಂದಳು. ಅಷ್ಟು ಸಾಕಾಯಿತು. ಅವರ ಮುಖದ ಮೇಲೆ ಸೇಠ್ ಮತ್ತೆ ಮೂಡಿದ. ಮೂರು ತಿಂಗಳಿನಿಂದ ಮಗಳ ಸೈಕಲ್ಲಿನ ಹಿಂದೆ ಏದುಸಿರು ಬಿಡುತ್ತ ಓಡಿದವನು ಯಾರೋ ಬೇರೆ ಎಂಬಂತೆ ಮೀಸೆ ತಿರುವಿದರು. ತೊಟ್ಟಿ ಕೆಟ್ಟಾಗ ಅವರೊಬ್ಬ ಒಳ್ಳೆಯ ಗಂಡಸು. ತೊಟ್ಟಿ ನೆಟ್ಟಗಾದ ದಿನವೇ ಕೆಟ್ಟರು.

ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಸ ಗುಡಿಸುವಾಗ ಅಟ್ಟದಿಂದ ಬ್ಯಾಗು ಇಳಿದದ್ದು ಕಂಡಿತು. ನಾನು ಪೊರಕೆ ಮೂಲೆಗಿಟ್ಟು ರೊಟ್ಟಿಗೆ ಹಿಟ್ಟು ಕಲಸಿದೆ. ದಾರಿಗೆ ಬೇಕಲ್ಲ, ಕೃಷ್ಣಾ ಸ್ಟೇಷನ್ನಿನಿಂದ ಪುಣೆ ಹತ್ತಿರವೇನಲ್ಲ. ರೊಟ್ಟಿಯ ಜೊತೆ ಅವರದೇ ತೊಟ್ಟಿಯ ಪುಂಡಿ ಚಟ್ನಿ ಕಟ್ಟಿದೆ. ತಾನೇ ಬೆಳೆದದ್ದನ್ನು ತಾನೇ ತಿನ್ನಲಿ.

ಬಾಗಿಲಲ್ಲಿ ಆಟೋ ನಿಂತಿತ್ತು. ಅತ್ತೆ ಕಂಬಳಿ ಸರಿಸಿ ಜಗಲಿಯಿಂದ ಭಂಡಾರ ತಂದು ಮಗನ ಹಣೆಗೆ ಹಚ್ಚಿದರು. ತುಟಿ ಬಿಗಿದಿದ್ದರು. ಮಾವನವರನ್ನು ಕಳಿಸುತ್ತಿದ್ದುದೂ ಹೀಗೆಯೇ ಅಂತೆ. ಅವರ ಗಂಡ ಹೆದರದಿದ್ದ ತೋಳಕ್ಕೆ ಅವರು ಇಂದಿಗೂ ಹೆದರುತ್ತಿದ್ದರು. ನಾನು ಬುತ್ತಿ ಕೊಟ್ಟೆ. ಅವರು ತೊಟ್ಟಿಯ ಮುಂದೆ ನಿಂತು ಕೊನೆಯ ಪಾಠ ಹೇಳಿದರು.

"ಬೆಳಿಗ್ಗಿ ಒಂದು ಚಿಟಿಕಿ, ಸಂಜಿಕ್ಕ ಒಂದು ಚಿಟಿಕಿ ಕಾಳು. ಅಖಿಲಾ ಹಾಕ್ತಾಳ. ನೀರು ಕಡಿಮಿ ಆದ್ರ ಸ್ವಲ್ಪ ಹಾಕೋದು. ಮತ್ತೇನೂ ಮಾಡಬ್ಯಾಡ್ರಿ. ಮುಟ್ಟಬ್ಯಾಡ್ರಿ."

"ಆತ್ರಿ," ಎಂದೆ.

"ಅಖಿಲಾ ಎಲ್ಲಿ?"

ಅವಳು ಕಂಬಳಿಯ ಮರೆಯಲ್ಲಿದ್ದಳು. ಅಪ್ಪ ಕಂಬಳಿ ಸರಿಸಿದರು. ಶಾಲೆಯ ಯೂನಿಫಾರ್ಮಿನ ತೋಳು ಮೊಣಕೈವರೆಗೆ ತೊಯ್ದಿತ್ತು. ಮುಷ್ಟಿಯಲ್ಲಿ ತೊಟ್ಟಿಯ ಒಂದು ಕಲ್ಲು. ಅರ್ಧ ಕಂದು, ಅರ್ಧ ಬೆಳ್ಳಗೆ, ಲಂಗದ ಅಂಚಿನಿಂದ ಉಜ್ಜಿದ್ದಳು. ಬೂದಿ ಇಲ್ಲದೆ ಅಷ್ಟೇ ಹೋಗಿತ್ತು.

ಅವರು ಕಲ್ಲು ನೋಡಿದರು, ಅವಳ ಲಂಗ ನೋಡಿದರು, ನನ್ನ ಮುಖ ನೋಡಿದರು. ಇಷ್ಟು ದಿನದ ಲೆಕ್ಕ ಆಗ ಅವರ ತಲೆಗೆ ಹತ್ತಿತೋ ಏನೋ. ಆಟೋದವನು ಹಾರ್ನು ಹೊಡೆದ.

"ಕೊಡವ್ವಾ ಇಲ್ಲಿ," ಎಂದು ಕೈ ಚಾಚಿದರು.

ಅವಳು ಕೊಡಲಿಲ್ಲ. ಬಾಯಿ ತೆರೆದಳು. ಅಭ್ಯಾಸದಂತೆ ಅಂಗೈ ಬಾಯಿಯ ಹತ್ತಿರ ಹೋಯಿತು. ಅತ್ತೆ ಗಾಬರಿಯಿಂದ "ಏ ಹುಡುಗೀ, ಹೊಂಟಾವ್ರನ್ನ—" ಎಂದು ಶುರು ಮಾಡಿದರು.

ನಾನು ಅತ್ತೆಯ ಕೈ ಹಿಡಿದೆ. "ಕೇಳಲಿ ಬಿಡ್ರಿ ಅತ್ತೀ."

ಅಖಿಲಾ ಅಂಗೈ ಕೆಳಗಿಳಿಸಿದಳು.

"ಅಪ್ಪಾ, ನೀ ಹೋಗದಂಗ ಇರಬೇಕಂದ್ರ, ಈ ಮನ್ಯಾಗ ಏನು ಕೆಡಬೇಕು?"